ಎರಡು–ಐದು

ನಮ್ಮ ಮನೆಯಲ್ಲಿ ‘ಎರಡು–ಐದು’ ಅಂತ ಒಂದು ಮಾತಿದೆ. ಸಾರು ಅರ್ಧ ಕುದಿಯುವಾಗ ಗ್ಯಾಸ್ ಮುಗಿಯಲಿ, ರೈಲಿಗೆ ಹತ್ತೇ ನಿಮಿಷ ಉಳಿದಿರಲಿ, ನಾದಿನಿ ಹೇಳುವುದು ಇದನ್ನೇ. “ಅತ್ತಿಗೆ, ಎರಡು–ಐದು.” ಅಂದರೆ, ಇನ್ನೂ ಮುಗಿದಿಲ್ಲ, ಕೈಬಿಡಬೇಡಿ ಅಂತ. ಈ ಮಾತು ನಮಗೆ ಸಿಕ್ಕಿದ್ದು 2015ರ ಜುಲೈ 11ರ ರಾತ್ರಿ, ವಿಂಬಲ್ಡನ್ ಮಹಿಳೆಯರ ಡಬಲ್ಸ್ ಫೈನಲ್‌ನಿಂದ.

ಆಗ ಮಗನಿಗೆ ಒಂದೂವರೆ ವರ್ಷ. ಅವನನ್ನು ಮಲಗಿಸಿ, ಟಿವಿ ಸದ್ದು ಪೂರ್ತಿ ಇಳಿಸಿ, ನಾನೂ ನಾದಿನಿಯೂ ಚಾಪೆ ಮೇಲೆ ಕೂತಿದ್ದೆವು. ಅವಳು ಇಂಜಿನಿಯರಿಂಗ್ ಓದುತ್ತಾ ನಮ್ಮ ಜೊತೆಗೇ ಇದ್ದಳು. ಒಂದು ಕಡೆ ನಮ್ಮ ಸಾನಿಯಾ ಮಿರ್ಜಾ, ಸ್ವಿಟ್ಜರ್ಲೆಂಡ್‌ನ ಮಾರ್ಟಿನಾ ಹಿಂಗಿಸ್. ಇನ್ನೊಂದು ಕಡೆ ರಷ್ಯಾದ ಎಕಟೆರಿನಾ ಮಕರೋವಾ, ಎಲೆನಾ ವೆಸ್ನಿನಾ. ಮೊದಲ ಶ್ರೇಯಾಂಕದ ಜೋಡಿಗೂ ಎರಡನೇ ಶ್ರೇಯಾಂಕದ ಜೋಡಿಗೂ ಪಂದ್ಯ.

ವೆಸ್ನಿನಾ ಹೆಸರು ನೋಡಿದ ತಕ್ಷಣ ನನಗೆ 2006ರ ಫೆಬ್ರುವರಿ ನೆನಪಾಯಿತು. ನಾನಾಗ ಬೆಂಗಳೂರಿನಲ್ಲಿ ಓದುತ್ತಿದ್ದೆ. ಕಬ್ಬನ್ ಪಾರ್ಕ್‌ನ ಟೆನಿಸ್ ಸ್ಟೇಡಿಯಂನಲ್ಲಿ ಡಬ್ಲ್ಯುಟಿಎ, ಅಂದರೆ ಮಹಿಳಾ ಟೆನಿಸ್ ಸಂಘದ ಟೂರ್ನಿ ನಡೆದಿತ್ತು. ಹಾಸ್ಟೆಲ್ ಗೆಳತಿಯ ಜೊತೆ ಸಾನಿಯಾನ ನೋಡಬೇಕು ಅಂತ ಹೋಗಿದ್ದು. ಡಬಲ್ಸ್ ಬಗ್ಗೆ ನನಗೆ ಏನೂ ಗೊತ್ತಿರಲಿಲ್ಲ. ದಕ್ಷಿಣ ಆಫ್ರಿಕಾದ ಲೀಜಲ್ ಹ್ಯೂಬರ್ ಜೊತೆ ಆಡಿ ಸಾನಿಯಾ ಡಬಲ್ಸ್ ಪ್ರಶಸ್ತಿ ಗೆದ್ದರು. ಫೈನಲ್‌ನಲ್ಲಿ ಸೋತ ಜೋಡಿಯಲ್ಲಿ ಒಬ್ಬಳು ಇದೇ ವೆಸ್ನಿನಾ. ಒಂಬತ್ತು ವರ್ಷ ಆದ ಮೇಲೆ ಸೆಂಟರ್ ಕೋರ್ಟ್‌ನಲ್ಲಿ ಅದೇ ಇಬ್ಬರು ಎದುರುಬದುರು ನಿಂತಿದ್ದರು. ಸಾನಿಯಾ ಪಕ್ಕದಲ್ಲಿದ್ದ ಹಿಂಗಿಸ್‌ಗೂ ಆ ಜೋಡಿಯ ಹಳೆಯ ಲೆಕ್ಕ ಬಾಕಿ ಇತ್ತು. ಹಿಂದಿನ ವರ್ಷವೇ ಅಮೆರಿಕ ಓಪನ್ ಫೈನಲ್‌ನಲ್ಲಿ ಮಕರೋವಾ–ವೆಸ್ನಿನಾ ಅವಳನ್ನೂ ಫ್ಲಾವಿಯಾ ಪೆನ್ನೆಟ್ಟಾಳನ್ನೂ ಸೋಲಿಸಿದ್ದರು. ಡಬಲ್ಸ್‌ನಲ್ಲಿ ನನಗೆ ತುಂಬಾ ಇಷ್ಟವಾಗುವುದು ಇದು. ಜೊತೆಗಾರರು ಬದಲಾಗುತ್ತಾರೆ, ನೆಟ್‌ನ ಆಚೆ ಬದಿಯಲ್ಲಿ ಮಾತ್ರ ಅದೇ ಮುಖಗಳು ಮತ್ತೆ ಮತ್ತೆ ಬರುತ್ತವೆ.

ಸದ್ದಿಲ್ಲದ ಟಿವಿಯಲ್ಲಿ ಕಾಮೆಂಟರಿ ಕೇಳುವುದಿಲ್ಲ, ಹಾಗಾಗಿ ಕಣ್ಣು ಕೈಗಳ ಕಡೆ ಹೋಗುತ್ತದೆ. ಒಬ್ಬಳು ಸರ್ವ್ ಮಾಡುವಾಗ ನೆಟ್ ಹತ್ತಿರ ಬಗ್ಗಿ ನಿಂತವಳ ಎಡಗೈ ಬೆನ್ನ ಹಿಂದೆ ಇರುತ್ತದೆ. ಬೆರಳು ಮಡಚುತ್ತದೆ, ಬಿಚ್ಚುತ್ತದೆ. ನಾನು ಅಡ್ಡ ಹೋಗುತ್ತೀನೋ ಇಲ್ಲೇ ಇರುತ್ತೀನೋ ಅಂತ ಜೊತೆಗಾತಿಗೆ ಹೇಳುವ ಭಾಷೆ ಅದು. ಪಾಯಿಂಟ್ ಗೆದ್ದರೂ ಸೋತರೂ ಇಬ್ಬರೂ ಹತ್ತಿರ ಬಂದು ಕೈ ತಟ್ಟುತ್ತಾರೆ. ತಪ್ಪು ಮಾಡಿದವಳ ಕೈಯನ್ನು ಸ್ವಲ್ಪ ಜಾಸ್ತಿ ಹೊತ್ತು ಹಿಡಿಯುತ್ತಾರೆ. ಇದನ್ನು ಮೊದಲು ಗಮನಿಸಿದ್ದು ನಾದಿನಿ.

ಸಾನಿಯಾ ಬಲಗಡೆ, ಹಿಂಗಿಸ್ ಎಡಗಡೆ. ಸಾನಿಯಾಳ ಫೋರ್‌ಹ್ಯಾಂಡ್ ಏಟು ಎಂಥದ್ದು ಅಂತ ಎಲ್ಲರಿಗೂ ಗೊತ್ತು. ಹಿಂಗಿಸ್‌ಗೆ ಅಂಥ ಬಲ ಇರಲಿಲ್ಲ. ಆದರೆ ಚೆಂಡು ಎಲ್ಲಿಗೆ ಬರುತ್ತದೆ ಅಂತ ಎದುರಿನವರಿಗಿಂತ ಮೊದಲೇ ಅವಳಿಗೆ ಗೊತ್ತಾಗುತ್ತಿತ್ತು. ಸಾನಿಯಾ ಜೋರಾಗಿ ಹೊಡೆದು ಎದುರಿನವರ ರಾಕೆಟ್ ಅಲುಗಾಡಿಸಿದರೆ, ತೇಲಿ ಬಂದ ಚೆಂಡನ್ನು ಹಿಂಗಿಸ್ ನೆಟ್ ಹತ್ತಿರ ಎರಡು ಹೆಜ್ಜೆ ಇಟ್ಟು ಮುಗಿಸುತ್ತಿದ್ದಳು. ಆಮೇಲೆ ಅಂಕ ಯಾರ ಹೆಸರಿಗೆ ಬರೆಯಬೇಕು ಅನ್ನೋದೇ ಗೊತ್ತಾಗುವುದಿಲ್ಲ, ಅಲ್ವಾ?

ಮೊದಲ ಸೆಟ್ 7–5, ರಷ್ಯಾ ಜೋಡಿಗೆ. ಎರಡನೆಯದು 6–6 ಸಮ ಆಗಿ, ಪಾಯಿಂಟ್ ಎಣಿಸಿ ತೀರ್ಮಾನಿಸುವ ಟೈಬ್ರೇಕರ್‌ಗೆ ಹೋಗಿ 7–6 ನಮ್ಮವರಿಗೆ. ಮೂರನೆಯದರಲ್ಲಿ 2–5 ಹಿಂದೆ ಬಿದ್ದರು. ಬದಿ ಬದಲಾಯಿಸುವ ಹೊತ್ತು. ಎದುರಾಳಿಗಳಿಗೆ ಬೇಕಾಗಿದ್ದು ಇನ್ನೊಂದೇ ಗೇಮ್. ನಾನು ಎದ್ದು ಹಾಸಿಗೆ ಹಾಸಲು ಹೊರಟೆ. “ಅತ್ತಿಗೆ, ಕೂತ್ಕೊಳ್ಳಿ” ಅಂತ ನಾದಿನಿ ಸೆರಗು ಹಿಡಿದು ಎಳೆದಳು.

ಮಾಮೂಲಿ ಡಬ್ಲ್ಯುಟಿಎ ಟೂರ್ನಿಗಳಲ್ಲಾಗಿದ್ದರೆ ಈ ಕಥೆ ನಡೆಯುತ್ತಲೇ ಇರಲಿಲ್ಲ. ಅಲ್ಲಿ ಡಬಲ್ಸ್‌ಗೆ ಮೂರನೇ ಸೆಟ್ಟೇ ಇಲ್ಲ, ಅದರ ಬದಲು 10 ಪಾಯಿಂಟ್‌ನ ಟೈಬ್ರೇಕರ್. ಪಂದ್ಯ ಬೇಗ ಮುಗಿಯಲಿ ಅಂತ ಆ ನಿಯಮ. ನನಗದು ಒಪ್ಪಿಗೆ ಇಲ್ಲ. ಬಿದ್ದವರು ಏಳುವುದಕ್ಕೆ ಸಮಯ ಬೇಕು. ವಿಂಬಲ್ಡನ್‌ನಲ್ಲಿ ಪೂರ್ತಿ ಸೆಟ್ ಇದ್ದದ್ದರಿಂದ ಆ ಸಮಯ ಸಿಕ್ಕಿತು.

2–5 ಹೋಗಿ 5–5 ಆಯಿತು. ಲಂಡನ್‌ನಲ್ಲಿ ಕತ್ತಲು ಬೀಳುತ್ತಿತ್ತು. ಆಟ ನಿಲ್ಲಿಸಿ ಸೆಂಟರ್ ಕೋರ್ಟ್‌ನ ಚಾವಣಿ ಮುಚ್ಚಿ ದೀಪ ಹಾಕಿದರು. ನಮಗೆ ಇಲ್ಲಿ ಮಧ್ಯರಾತ್ರಿ ಆಗಿಹೋಗಿತ್ತು. ಕಾಯುವಾಗ ಇಬ್ಬರೂ ಮಾತಾಡಲಿಲ್ಲ. ಮತ್ತೆ ಆಟ ಶುರುವಾಗಿ ಎರಡೇ ಗೇಮ್, 7–5. ಸತತ ಐದು ಗೇಮ್ ಗೆದ್ದು ಪಂದ್ಯ ಮುಗಿಸಿದ್ದರು. ಗ್ರ್ಯಾನ್‌ಸ್ಲ್ಯಾಮ್ ಮಹಿಳೆಯರ ಡಬಲ್ಸ್ ಗೆದ್ದ ಭಾರತದ ಮೊದಲ ಹೆಣ್ಣುಮಗಳು ಸಾನಿಯಾ. ಹಿಂಗಿಸ್‌ಗೆ ವಿಂಬಲ್ಡನ್ ಡಬಲ್ಸ್ 17 ವರ್ಷದ ಮೇಲೆ ಮತ್ತೆ ಸಿಕ್ಕಿತು. ನಾದಿನಿ ಬಾಯಿಗೆ ದುಪಟ್ಟಾ ತುರುಕಿಕೊಂಡು ಕುಣಿದಳು. ಮಗು ಏಳಲಿಲ್ಲ.

ಆ ವರ್ಷ ಸಿಂಗಲ್ಸ್ ಗೆದ್ದವರಿಗೆ 18.8 ಲಕ್ಷ ಪೌಂಡ್. ಡಬಲ್ಸ್ ಜೋಡಿಗೆ 3.4 ಲಕ್ಷ, ಅದರಲ್ಲಿ ಇಬ್ಬರಿಗೂ ಪಾಲು. ಆ ಕೊನೆಯ ಐದು ಗೇಮ್ ನೋಡಿದವಳಿಗೆ ಈ ಲೆಕ್ಕ ನ್ಯಾಯ ಅನ್ನಿಸುವುದಿಲ್ಲ.

ಮುಂದಿನ ತಿಂಗಳೇ ನಾವಿಬ್ಬರೂ ರಾಕೆಟ್ ಕೊಂಡೆವು. ಮೈಸೂರಿನ ನಮ್ಮ ಬಡಾವಣೆಯ ಕೋರ್ಟ್‌ನಲ್ಲಿ ಬೆಳಿಗ್ಗೆ ಆರಕ್ಕೆ ಆಡುತ್ತಿದ್ದೆವು. ನನಗೆ ನೆಟ್ ಹತ್ತಿರ ನಿಲ್ಲುವುದಕ್ಕೆ ಭಯ, ಚೆಂಡು ಮುಖಕ್ಕೇ ಬರುತ್ತದೆ ಅನ್ನಿಸೋದು. “ರಾಕೆಟ್ ಮುಖದ ಮುಂದೆ ಹಿಡ್ಕೊಳ್ಳಿ, ಹಿಂದೆ ಬಂದದ್ದು ನನ್ನದು” ಅಂತ ಅವಳು ಹೇಳಿದ ಮೇಲೆ ನಿಂತೆ. ಈಗಲೂ ಆ ಜಾಗವೇ ನನ್ನದು.

ಸಾನಿಯಾ–ಹಿಂಗಿಸ್ ಅದೇ ವರ್ಷ ಅಮೆರಿಕ ಓಪನ್ ಗೆದ್ದರು, 2016ರಲ್ಲಿ ಆಸ್ಟ್ರೇಲಿಯಾ ಓಪನ್ ಗೆದ್ದರು. ಸತತ 41 ಪಂದ್ಯ ಸೋಲಲೇ ಇಲ್ಲ. ಆ ಓಟ ನಿಂತಿದ್ದು ದೋಹಾದಲ್ಲಿ. ಸೋಲಿಸಿದ್ದು ದಾರಿಯಾ ಕಸಾಟ್ಕಿನಾ ಜೊತೆ ಆಡಿದ ವೆಸ್ನಿನಾ! ಆಗಸ್ಟ್‌ನಲ್ಲಿ ರಿಯೊ ಒಲಿಂಪಿಕ್ಸ್ ಫೈನಲ್‌ನಲ್ಲಿ ಮಕರೋವಾ–ವೆಸ್ನಿನಾ ಚಿನ್ನ ಗೆದ್ದಾಗಲೂ ಆಚೆ ಬದಿಯಲ್ಲಿ ಹಿಂಗಿಸ್ ಇದ್ದಳು, ತನ್ನ ದೇಶದ ಬಾಚಿನ್ಸ್ಕಿ ಜೊತೆ.

2017ರ ಜುಲೈನಲ್ಲಿ ನಾದಿನಿ ಪುಣೆಯಲ್ಲಿ ಕೆಲಸದಲ್ಲಿದ್ದಳು. ವಿಂಬಲ್ಡನ್ ಡಬಲ್ಸ್ ಫೈನಲ್ ದಿನ ರಾತ್ರಿ ಫೋನ್ ಮಾಡಿದಳು. “ಅತ್ತಿಗೆ, ವೆಸ್ನಿನಾ–ಮಕರೋವಾ ಗೆದ್ದರು. 6–0, 6–0.” ಅದೇ ಸೆಂಟರ್ ಕೋರ್ಟ್‌ನಲ್ಲಿ, ಒಂದು ಗೇಮ್ ಕೂಡ ಬಿಡದೆ. ಇಬ್ಬರಿಗೂ ಎಷ್ಟು ಖುಷಿಯಾಯಿತು ಅಂದರೆ, ಅರ್ಧ ಗಂಟೆ ಅದನ್ನೇ ಮಾತಾಡಿದೆವು.