ಏವಾ ಗಾರ್ಡ್ನರ್ ಹಾಡಿದ್ದಾಳೆ, ಕೇಳಿ

ಹಾಲಿವುಡ್ ನಟಿ ಏವಾ ಗಾರ್ಡ್ನರ್ ಹೆಸರೆತ್ತಿದರೆ ಮಾತು ಮುಖದಲ್ಲಿ ಶುರುವಾಗಿ ಮೂರು ಮದುವೆಗಳಲ್ಲಿ ಮುಗಿಯುತ್ತದೆ. ನನಗೆ ಮುಖ್ಯವಾದದ್ದು ಆಕೆಯ ದನಿ. ಸಾಗರದಲ್ಲಿ ಮಕ್ಕಳ ನಾಟಕಗಳಿಗೆ ಹಾಡು ಕಲಿಸುವುದು ನನ್ನ ಕೆಲಸ. ಕಣ್ಣಿಗಿಂತ ಮೊದಲು ಕಿವಿ ಕೆಲಸ ಮಾಡುತ್ತದೆ.

ಆಕೆ ಹುಟ್ಟಿದ್ದು 1922ರಲ್ಲಿ, ಅಮೆರಿಕದ ನಾರ್ತ್ ಕೆರೊಲಿನಾದ ಗ್ರಾಬ್‌ಟೌನಿನಲ್ಲಿ. ತಂಬಾಕು ಬೆಳೆಯುವ ಮನೆಯ ಏಳು ಮಕ್ಕಳಲ್ಲಿ ಕೊನೆಯವಳು. ನ್ಯೂಯಾರ್ಕಿನಲ್ಲಿ ಫೋಟೋ ಸ್ಟುಡಿಯೋ ಇಟ್ಟಿದ್ದ ಭಾವ ಆಕೆಯ ಚಿತ್ರವೊಂದನ್ನು ಅಂಗಡಿಯ ಗಾಜಿನ ಹಿಂದೆ ತೂಗುಹಾಕಿದ್ದೇ ದಾರಿಯಾಗಿ, 1941ರಲ್ಲಿ ಹಾಲಿವುಡ್ಡಿನ ಚಿತ್ರ ಕಂಪನಿ ಎಂಜಿಎಂ ಕರೆಸಿಕೊಂಡಿತು. ಊರಿನ ಎಳೆದಾಡುವ ಮಾತು ಯಾರಿಗೂ ಅರ್ಥವಾಗದೆ, ಪರೀಕ್ಷೆಯ ಚಿತ್ರೀಕರಣವನ್ನು ದನಿಯಿಲ್ಲದೆಯೇ ಮಾಡಿದರು ಎನ್ನುತ್ತಾರೆ. ಆಮೇಲೆ ಮಾತು ತಿದ್ದಲು ಶಿಕ್ಷಕಿಯನ್ನು ನೇಮಿಸಿದರು. ಮುಂದಿನ ಕೆಲವು ವರ್ಷ ಹೆಸರೂ ಹಾಕದ ಚಿಲ್ಲರೆ ಪಾತ್ರಗಳು. 1946ರ ‘ದಿ ಕಿಲ್ಲರ್ಸ್’ನಲ್ಲಿ ಕಪ್ಪು ಸ್ಯಾಟಿನ್ ಉಡುಪಿನಲ್ಲಿ ಪಿಯಾನೋ ಪಕ್ಕ ಕಾಣಿಸಿಕೊಂಡ ಮೇಲೆ ಆಕೆ ತಾರೆ. ಜೊತೆಗೆ ನಟಿಸಿದ ಬರ್ಟ್ ಲ್ಯಾಂಕಾಸ್ಟರನಿಗೆ ಅದೇ ಮೊದಲ ಚಿತ್ರ.

ನನ್ನ ಸಂಕಟವಿರುವುದು 1951ರ ‘ಶೋ ಬೋಟ್’ ಬಗ್ಗೆ. ಅದರಲ್ಲಿ ಏವಾ ಜೂಲಿ ಎಂಬ ಗಾಯಕಿ. ಜೂಲಿಯ ರಕ್ತದಲ್ಲಿ ಕಪ್ಪು ಜನರ ಪಾಲಿದೆ ಎಂದು ತಿಳಿದ ಕೂಡಲೇ ದೋಣಿಯ ನಾಟಕ ಮಂಡಳಿಯನ್ನು ಬಿಟ್ಟು ಹೋಗಬೇಕಾಗುತ್ತದೆ. ಏವಾ ಶ್ರಮಪಟ್ಟು ಅಭ್ಯಾಸ ಮಾಡಿ ಜೂಲಿಯ ಹಾಡುಗಳನ್ನು ತಾನೇ ಹಾಡಿ ಮುದ್ರಿಸಿದಳು. ಚಿತ್ರ ಬಿಡುಗಡೆಯಾದಾಗ ತೆರೆಯ ಮೇಲೆ ತುಟಿ ಆಕೆಯದು, ದನಿ ಗಾಯಕಿ ಆನೆಟ್ ವಾರನ್ ಅವರದು. ಗ್ರಾಮಫೋನ್ ತಟ್ಟೆಯಲ್ಲಿ ಮಾತ್ರ ಏವಾಳ ದನಿಯೇ ಉಳಿಯಿತು. ವಾರನ್ ಅವರದು ತಯಾರಾದ, ತುಂಬಿದ ಕಂಠ. ಅವರ ಮೇಲೆ ನನ್ನ ದೂರಿಲ್ಲ. ಏವಾಳದು ಸಣ್ಣ ದನಿ. ಸಾಲಿನ ಕೊನೆಗೆ ಬರುವಷ್ಟರಲ್ಲಿ ಉಸಿರು ಸ್ವಲ್ಪ ಸಾಲದೆ ಹೋಗುತ್ತದೆ, ಮಾತಾಡುತ್ತಾ ಮಾತಾಡುತ್ತಾ ಹಾಡಿದ ಹಾಗಿರುತ್ತದೆ. ಎಲ್ಲವನ್ನೂ ಕಳೆದುಕೊಳ್ಳಲಿರುವ ಜೂಲಿಗೆ ಬೇಕಾದದ್ದು ಆ ಸಾಲದ ಉಸಿರೇ. ಅದನ್ನು ತೆಗೆದು ಸ್ಟುಡಿಯೋದವರು ಪಾತ್ರವನ್ನೇ ಬಡವಾಗಿಸಿದರು.

ಇಷ್ಟು ಬಿಸಿಯಾಗಿ ಬರೆಯಲು ಕಾರಣವಿದೆ. ಕಳೆದ ಮಳೆಗಾಲದ ನಾಟಕದಲ್ಲಿ ಅಜ್ಜಿಯ ಪಾತ್ರಕ್ಕೆ ಅಡಿಕೆ ತೋಟದ ಮನೆಯ ಹುಡುಗಿಯೊಬ್ಬಳನ್ನು ಆರಿಸಿದ್ದೆ. ಮಂದ್ರದಲ್ಲಿ ಹಾಡುವವಳು, ಕೊಂಚ ಒರಟು ಕಂಠ. ತಾಲೀಮು ನೋಡಲು ಬಂದ ಹಿರಿಯರೊಬ್ಬರು, “ಅಕ್ಕಾ, ಅಭಿನಯ ಇವಳೇ ಮಾಡಲಿ, ಹಾಡನ್ನು ಚೆನ್ನಾಗಿ ಹಾಡುವವರಿಂದ ಮೊದಲೇ ರೆಕಾರ್ಡ್ ಮಾಡಿಸಿಬಿಡಿ” ಎಂದರು. ಹುಡುಗಿ ಅಲ್ಲೇ ನಿಂತಿದ್ದಳು. ಕೈಯಲ್ಲಿದ್ದ ಹಾಡಿನ ಹಾಳೆಯನ್ನು ಮಡಚಿ ಮಡಚಿ ಬೆರಳಿನಷ್ಟು ಮಾಡಿಬಿಟ್ಟಿದ್ದಳು. ನಾನು ಒಪ್ಪಲಿಲ್ಲ. ಶ್ರುತಿಯನ್ನು ಒಂದು ಮನೆ ಇಳಿಸಿ ಅವಳಿಂದಲೇ ಹಾಡಿಸಿದೆ.

ಏವಾಳ ಮುಂದಿನ ಚಿತ್ರಗಳಲ್ಲಿ 1953ರ ‘ಮೊಗ್ಯಾಂಬೊ’ ಆಕೆಗೆ ಆಸ್ಕರ್ ನಾಮನಿರ್ದೇಶನ ತಂದಿತು. ಆ ವರ್ಷ ಪ್ರಶಸ್ತಿ ಆಡ್ರಿ ಹೆಪ್‌ಬರ್ನ್ ಪಾಲಾಯಿತು. ಭಾರತದ ಕಥೆಯ ‘ಭೊವಾನಿ ಜಂಕ್ಷನ್’ ಚಿತ್ರೀಕರಣ ನಡೆದದ್ದು ಲಾಹೋರಿನಲ್ಲಿ. ನನಗೆ ಎಲ್ಲಕ್ಕಿಂತ ಪ್ರಿಯವಾದದ್ದು 1964ರ ‘ದಿ ನೈಟ್ ಆಫ್ ದಿ ಇಗ್ವಾನಾ’. ಮೆಕ್ಸಿಕೋದ ಕಡಲತೀರದಲ್ಲಿ ಹೋಟೆಲ್ ನಡೆಸುವ ವಿಧವೆ ಮ್ಯಾಕ್ಸಿನ್ ಆಗಿ ನಲವತ್ತು ದಾಟಿದ ಏವಾ ಕೆದರಿದ ಕೂದಲಿನಲ್ಲಿ ಗದರುತ್ತಾಳೆ, ಗಹಗಹಿಸಿ ನಗುತ್ತಾಳೆ. ತಿದ್ದಿ ತೀಡಿದ ನಯವೆಲ್ಲ ಮಾತಿನಿಂದ ಕಳಚಿಹೋಗಿದೆ. ಇಷ್ಟು ದೊಡ್ಡ ನಟಿಗೆ ಇಂಥ ಪಾತ್ರ ಸಿಗಲು ಎರಡು ದಶಕ ಬೇಕಾಯಿತಲ್ಲ ಎಂದು ಹೊಟ್ಟೆ ಉರಿಯುತ್ತದೆ.

ಏವಾ 1990ರಲ್ಲಿ ಲಂಡನ್ನಿನಲ್ಲಿ ತೀರಿಕೊಂಡಳು. ಎಂಜಿಎಂನ ಹಳೆಯ ಸಂಗೀತ ಚಿತ್ರಗಳ ತುಣುಕುಗಳನ್ನು ಪೋಣಿಸಿದ 1994ರ ‘ದಟ್ಸ್ ಎಂಟರ್‌ಟೇನ್‌ಮೆಂಟ್! 3’ ಚಿತ್ರದಲ್ಲಿ ‘ಶೋ ಬೋಟ್’ನ ದೃಶ್ಯವನ್ನು ಆಕೆಯದೇ ದನಿಯೊಂದಿಗೆ ಸೇರಿಸಿದ್ದಾರೆ. ಹಾಡು ಕಲಿಯುವ ಮಕ್ಕಳು ಮನೆಯಲ್ಲಿದ್ದರೆ ಏವಾ ಹಾಡಿದ್ದನ್ನೂ ವಾರನ್ ಹಾಡಿದ್ದನ್ನೂ ಒಂದರ ಹಿಂದೆ ಒಂದರಂತೆ ಕೇಳಿಸಿ. ಮೊದಲು ಏವಾಳದನ್ನು.