ಟೇಪಿನ ಅಳತೆಗೆ ಸಿಗದ ಬಲ

ನಾನು ತಾಲ್ಲೂಕು ಕೇಂದ್ರವೊಂದರ ಆಸ್ಪತ್ರೆಗೆ ಫಿಸಿಯೋಥೆರಪಿಸ್ಟ್ ಆಗಿ ಸೇರಿದ ಮೊದಲ ವರ್ಷ, ಅಡಿಕೆ ಮರದಿಂದ ಬಿದ್ದು ಮೊಣಕಾಲಿನ ಕೆಳಗಿನ ಮೂಳೆ ಮುರಿದುಕೊಂಡಿದ್ದ ಕೊನೆಗೌಡರೊಬ್ಬರು (ಮರ ಹತ್ತಿ ಅಡಿಕೆ ಗೊನೆ ಕೊಯ್ಯುವವರು) ಪ್ಲಾಸ್ಟರ್ ಬಿಚ್ಚಿಸಿಕೊಂಡ ಮರುದಿನ ಬಂದರು. ತೊಡೆಯವರೆಗೆ ಹಾಕಿದ್ದ ಪ್ಲಾಸ್ಟರಿನೊಳಗೆ ಆರು ವಾರ ಅಲುಗಾಡದೆ ಇದ್ದ ಕಾಲು ಎಷ್ಟು ಸೊರಗಿತ್ತೆಂದರೆ, ಅವರು ಪಂಚೆ ಸರಿಸಿ, "ಅಮ್ಮಾ, ಇದು ನನ್ನ ಕಾಲೇ ಅಲ್ಲ" ಎಂದರು. ಮಂಡಿಚಿಪ್ಪಿನಿಂದ 15 ಸೆಂ.ಮೀ. ಮೇಲೆ ಗುರುತು ಮಾಡಿ ಅಳೆದಾಗ ಎರಡು ತೊಡೆಗಳ ಸುತ್ತಳತೆಯಲ್ಲಿ 4 ಸೆಂ.ಮೀ. ವ್ಯತ್ಯಾಸವಿತ್ತು. ಅದನ್ನು ಕಾರ್ಡಿನಲ್ಲಿ ಬರೆದು, ಪ್ರತಿ ಸೋಮವಾರ ಅಳೆಯೋಣವೆಂದೆ. ತಪ್ಪಿದ್ದು ಅಲ್ಲಿಯೇ.

ಮೂರು ಸೋಮವಾರ ಕಳೆದರೂ ಅಂಕಿ ಕದಲಲಿಲ್ಲ. ನಾಲ್ಕನೆಯ ಸೋಮವಾರ ಅವರೇ ಬರಲಿಲ್ಲ. ಹತ್ತು ದಿನಗಳ ನಂತರ ಮಗನ ಒತ್ತಾಯಕ್ಕೆ ಬಂದವರು, "ಮಾಂಸ ತುಂಬುತ್ತಿಲ್ಲ, ಬಸ್ ಚಾರ್ಜು ದಂಡ" ಎಂದು ಸಂಕೋಚದಿಂದ ಹೇಳಿದರು. ಮೊದಲ ದಿನ ಮಂಚದಿಂದ ಕಾಲನ್ನು ನೇರವಾಗಿ ಎತ್ತಲಾಗದಿದ್ದ ಅದೇ ಮನುಷ್ಯ ಮೂರನೆಯ ವಾರದಲ್ಲಿ ಹತ್ತು ಸಲ ಎತ್ತುತ್ತಿದ್ದರು. ಅದನ್ನು ನಾನು ಕಾರ್ಡಿನಲ್ಲಿ ಬರೆದಿರಲೇ ಇಲ್ಲ.

ಪರೀಕ್ಷೆಗೆಂದು ಓದಿದ್ದನ್ನು ಆ ಸಂಜೆ ಮತ್ತೆ ತೆರೆದು ಕುಳಿತೆ. ತೊಡೆಯ ಸ್ನಾಯುವಿನ ಕೋಶ, ಅಂದರೆ ತಂತು, ಉಳಿದ ಕೋಶಗಳಂತಲ್ಲ. ಭ್ರೂಣದಲ್ಲಿ ಅನೇಕ ಕೋಶಗಳು ಒಂದರೊಳಗೊಂದು ಬೆಸೆದು ಉಂಟಾಗುವ ಈ ಉದ್ದನೆಯ ಎಳೆಯಲ್ಲಿ ನೂರಾರು ಕೋಶಕೇಂದ್ರಗಳಿರುತ್ತವೆ, ಬೆಳೆದ ಮೇಲೆ ಅದು ವಿಭಜನೆಯಾಗುವುದಿಲ್ಲ. ಕೆಲಸವಿಲ್ಲದಾಗ ಅದರೊಳಗಿನ ಆಕ್ಟಿನ್ ಮತ್ತು ಮಯೋಸಿನ್ ಪ್ರೋಟೀನುಗಳು ಹೊಸದಾಗಿ ತಯಾರಾಗುವುದಕ್ಕಿಂತ ಬೇಗ ಕರಗುತ್ತವೆ. ಹಾಗಾಗಿ ಪ್ಲಾಸ್ಟರಿನೊಳಗೆ ಆಗುವುದು ಮುಖ್ಯವಾಗಿ ತಂತುಗಳ ನಾಶವಲ್ಲ, ಒಂದೊಂದು ತಂತುವೂ ತೆಳ್ಳಗಾಗುವುದು. ಮತ್ತೆ ದಪ್ಪವಾಗಲು ಆ ಪ್ರೋಟೀನನ್ನೆಲ್ಲ ಕಟ್ಟಬೇಕು. ತಂತುವಿನ ಅಂಚಿಗೆ ಅಂಟಿಕೊಂಡಿರುವ, 1961ರಲ್ಲಿ ಅಲೆಕ್ಸಾಂಡರ್ ಮೌರೊ ಗುರುತಿಸಿದ ಉಪಗ್ರಹ ಕೋಶಗಳು ದುರಸ್ತಿಗೆ ನೆರವಾಗುತ್ತವೆಯಾದರೂ, ಇದು ತಿಂಗಳುಗಟ್ಟಲೆಯ ಕೆಲಸ.

ಹಾಗಿದ್ದರೆ ಮೂರು ವಾರದಲ್ಲಿ ಬಂದ ಬಲ ಎಲ್ಲಿಯದು? ಬಹುಪಾಲು ನರಗಳದ್ದು. ಒಂದು ಚಾಲಕ ನರಕೋಶ ತೊಡೆಯಲ್ಲಿ ನೂರಾರು ತಂತುಗಳಿಗೆ ಆಜ್ಞೆ ಕೊಡುತ್ತದೆ. ಮಂಡಿಯಲ್ಲಿ ನೋವು, ಬಾವು ಇದ್ದಾಗ ಬೆನ್ನುಹುರಿಯ ಮಟ್ಟದಲ್ಲಿಯೇ ಆ ಆಜ್ಞೆ ತಗ್ಗುತ್ತದೆ. ವ್ಯಾಯಾಮದ ಆರಂಭದ ವಾರಗಳಲ್ಲಿ, ಇದ್ದ ತಂತುಗಳನ್ನೇ ಹೆಚ್ಚು ಸಂಖ್ಯೆಯಲ್ಲಿ, ಹೆಚ್ಚು ವೇಗವಾಗಿ ಎಬ್ಬಿಸುವುದನ್ನು ನರಮಂಡಲ ಮರಳಿ ಕಲಿಯುತ್ತದೆ. ಟೇಪಿಗೆ ಅದು ಕಾಣುವುದಿಲ್ಲ. (ಸಕ್ಕರೆ ಕಾಯಿಲೆಯವರಿಗೆ ಇನ್ನೊಂದು ಮಾತನ್ನೂ ಹೇಳುತ್ತೇನೆ: ಸಂಕುಚಿಸುವ ಸ್ನಾಯು ಇನ್ಸುಲಿನ್‌ಗೆ ಕಾಯದೆ ರಕ್ತದಿಂದ ಗ್ಲೂಕೋಸ್ ಎಳೆದುಕೊಳ್ಳುತ್ತದೆ, ಅದೂ ಟೇಪಿಗೆ ಕಾಣದು.)

ಈಗ ನನ್ನ ಕಾರ್ಡಿನ ಮೊದಲ ಕಲಮಿನಲ್ಲಿ ನೇರ ಕಾಲನ್ನು ಎಷ್ಟು ಸಲ ಎತ್ತಿದರು, ಕೈ ಊರದೆ ಕುರ್ಚಿಯಿಂದ 30 ಸೆಕೆಂಡಿನಲ್ಲಿ ಎಷ್ಟು ಸಲ ಎದ್ದರು ಎಂಬುದಿರುತ್ತದೆ. ಟೇಪನ್ನು ಮೊದಲ ದಿನ ಮತ್ತು ಎಂಟು ವಾರಗಳ ನಂತರ ಮಾತ್ರ ತೆಗೆಯುತ್ತೇನೆ.

ಕೊನೆಗೌಡರು ಮೂರನೆಯ ತಿಂಗಳಿಗೆ ಕೋಲು ಬಿಟ್ಟರು. ಆದರೆ ಮರ ಏರುವುದಕ್ಕಿಂತ ಇಳಿಯುವಾಗ, ಭಾರ ಹೊತ್ತುಕೊಂಡೇ ಉದ್ದವಾಗಬೇಕಾದ ತೊಡೆಯ ಸ್ನಾಯುವಿಗೆ ಪೆಟ್ಟು ಹೆಚ್ಚು. ಅದಕ್ಕಾಗಿ ಆಸ್ಪತ್ರೆಯ ಮೆಟ್ಟಿಲುಗಳನ್ನು ನಿಧಾನವಾಗಿ ಇಳಿಯುವ ಅಭ್ಯಾಸ ಮಾಡಿಸಿದೆ. ಆ ವರ್ಷದ ಕೊಯ್ಲಿನಲ್ಲಿ ಅವರು ಕೆಳಗೆ ನಿಂತು ಹಗ್ಗ ಹಿಡಿದರು, ಮಗ ಮರ ಹತ್ತಿದ.