ಗ್ರಹಣ ಬಿಟ್ಟ ಮೇಲೆ ಓಟ, ಓಟದ ಮೇಲೆ ಎಣ್ಣೆ ಸ್ನಾನ

ಶುಕ್ರವಾರ ಸಂಜೆ ಬಾಸ್ಟನ್ನಿನ ಸೌತ್ ಸ್ಟೇಷನ್ನಿನಲ್ಲಿ ರೈಲು ಹತ್ತಿದಾಗ ಬೆನ್ನ ಮೇಲಿನ ಬ್ಯಾಗ್ ಉಬ್ಬಿಕೊಂಡಿತ್ತು. ಒಳಗೆ ಓಡುವ ಶೂ, ಎರಡು ಜೊತೆ ಸಾಕ್ಸ್, ಒಂದು ರೇಷ್ಮೆ ಸೀರೆ, ಮತ್ತೆ ಅಮ್ಮ ಹಾಸನದಿಂದ ಕಳಿಸಿದ್ದ ಸೀಗೆಪುಡಿ. ಎರಡು ಕವರಿನಲ್ಲಿ ಕಟ್ಟಿದ್ದರೂ ಬ್ಯಾಗಿನ ತುಂಬ ಸೀಗೆಯದ್ದೇ ವಾಸನೆ. ಅವತ್ತು 2025ರ ಮಾರ್ಚ್ 28. ಆ ಶನಿವಾರ, ಭಾನುವಾರ ಯುಗಾದಿ. ಅದೇ ಶನಿವಾರ ನಾನು 16 ಕಿಲೋಮೀಟರ್ ಓಡಬೇಕಿತ್ತು.

ಮೇ ತಿಂಗಳಲ್ಲಿ ನನ್ನ ಮೊದಲ ಹಾಫ್ ಮ್ಯಾರಥಾನ್. ವಾರದಲ್ಲಿ ಮೂರು ದಿನ ಚಾರ್ಲ್ಸ್ ನದಿಯ ದಂಡೆಯಲ್ಲಿ ಸಣ್ಣ ಓಟ, ಶನಿವಾರ ಒಂದು ಉದ್ದ ಓಟ. ಚಳಿಗಾಲವೆಲ್ಲಾ ಹೀಗೆ ಕಳೆದಿದ್ದೆ. ಒಂದು ಶನಿವಾರ ತಪ್ಪಿದರೆ ಮುಂದಿನ ವಾರ ಕಾಲು ಕೇಳುವುದಿಲ್ಲ. ಹಬ್ಬವನ್ನು ತಪ್ಪಿಸುವ ಮಾತಂತೂ ಇರಲೇ ಇಲ್ಲ, ಯಾಕೆಂದರೆ ಹಿಂದಿನ ವರ್ಷದ ಯುಗಾದಿಯನ್ನು ಒಬ್ಬಳೇ ಮಾಡಿದ್ದೆ. ಬೇವು ಸಿಕ್ಕಿರಲಿಲ್ಲ, ಬರೀ ಬೆಲ್ಲ ಬಾಯಿಗೆ ಹಾಕಿಕೊಂಡಿದ್ದೆ. ತಲೆಗೆ ನಾನೇ ಎಣ್ಣೆ ಹಚ್ಚಿಕೊಂಡು ಶವರಿನ ಕೆಳಗೆ ನಿಂತಾಗ ಅಳು ಬಂದಿತ್ತು. ಬೇವು ಬೆಲ್ಲ ಒಬ್ಬರೇ ತಿನ್ನಬಹುದು. ಎಣ್ಣೆ ಸ್ನಾನ ಒಬ್ಬರೇ ಮಾಡುವಂಥದ್ದಲ್ಲ. ನೆತ್ತಿಗೆ ಇನ್ನೊಬ್ಬರ ಅಂಗೈ ಬೇಕು.

ಈ ಸಲ ಚಿಕ್ಕಮ್ಮ ಮೊದಲೇ ಫೋನ್ ಮಾಡಿದ್ದರು. ಅಮ್ಮನ ಚಿಕ್ಕಪ್ಪನ ಮಗಳು ಅವರು. ಬಾಸ್ಟನ್ನಿನಿಂದ ರೈಲಿನಲ್ಲಿ ಸುಮಾರು ಒಂದು ಗಂಟೆ ದೂರದ ಆಶ್‌ಲ್ಯಾಂಡ್ ಊರಿನಲ್ಲಿ ಮನೆ. "ಓಡೋದು ಇಲ್ಲೇ ಓಡು. ರಸ್ತೆ ಇಲ್ವಾ ನಮ್ಮೂರಲ್ಲಿ? ಶುಕ್ರವಾರವೇ ಬಂದುಬಿಡು," ಅಂದರು.

ಹಬ್ಬ ಯಾವತ್ತು ಅನ್ನೋದೇ ಆ ವಾರವೆಲ್ಲಾ ದೊಡ್ಡ ಮಾತಾಗಿತ್ತು. ಊರಿನಲ್ಲಿ ಗೊಂದಲವಿಲ್ಲ. ಅಮಾವಾಸ್ಯೆ ಶನಿವಾರ ಸಂಜೆ ನಾಲ್ಕೂವರೆ ಹೊತ್ತಿಗೆ ಮುಗಿಯುತ್ತದೆ, ಭಾನುವಾರ ಸೂರ್ಯ ಹುಟ್ಟುವಾಗ ಪಾಡ್ಯ ಇರುತ್ತದೆ, ಹಬ್ಬ ಭಾನುವಾರ. ಆದರೆ ಅಲ್ಲಿಯ ಸಂಜೆ ನಾಲ್ಕೂವರೆ ಅಂದರೆ ಇಲ್ಲಿ ಶನಿವಾರ ಬೆಳಗ್ಗೆ ಏಳು. ಆಗ ಶುರುವಾದ ಪಾಡ್ಯ ಭಾನುವಾರ ಬೆಳಗಿನ ಜಾವ ಮೂರು ದಾಟುತ್ತಲೇ ಮುಗಿದುಹೋಗುತ್ತದೆ. ಶನಿವಾರ ಸೂರ್ಯ ಹುಟ್ಟಿದ ಮೇಲೆ ಬರುತ್ತದೆ, ಭಾನುವಾರ ಸೂರ್ಯ ಹುಟ್ಟುವ ಮುಂಚೆ ಹೋಗುತ್ತದೆ. ಯಾವ ಸೂರ್ಯೋದಯಕ್ಕೂ ಸಿಗದ ಪಾಡ್ಯ!

ಚಿಕ್ಕಪ್ಪ ಧಾರವಾಡದವರು. "ತಿಥಿ ಇರೂದು ಶನಿವಾರ. ಹಬ್ಬಾನೂ ಅವತ್ತ," ಅಂದರು. ಅಮ್ಮ ಫೋನಿನಲ್ಲಿ, "ನಾವೆಲ್ಲಾ ಭಾನುವಾರ ಮಾಡ್ತೀವಿ, ನೀವೂ ಅವತ್ತೇ ಮಾಡಿ," ಅಂದಳು. ಚಿಕ್ಕಮ್ಮ ಇಬ್ಬರ ಮಾತನ್ನೂ ಉಳಿಸಿದರು. ಶನಿವಾರ ಎಣ್ಣೆ ಸ್ನಾನ, ಬೇವು ಬೆಲ್ಲ, ದೇವಸ್ಥಾನ. ಭಾನುವಾರ ಒಬ್ಬಟ್ಟಿನ ಊಟ, ಬಳಗವೆಲ್ಲಾ ಮನೆಗೆ. ನನ್ನ ರೂಮ್‌ಮೇಟ್ ಹೈದರಾಬಾದಿನವಳು. ಅವಳ ಮನೆಯ ಫೋನಿನಲ್ಲೂ ಆ ವಾರ ಇದೇ ಚರ್ಚೆ. ರಂಜಾನ್ ಭಾನುವಾರವೋ ಸೋಮವಾರವೋ ಅಂತ. ಒಂದೇ ಚಂದ್ರನಿಗೆ ನಾವಿಬ್ಬರೂ ಕಾಯುತ್ತಿದ್ದೆವು.

ಇದರ ಮೇಲೆ ಗ್ರಹಣ ಬೇರೆ. ಊರಿನಲ್ಲಿ ಕಾಣದ ಸೂರ್ಯಗ್ರಹಣ ಶನಿವಾರ ಬೆಳಗ್ಗೆ ಇಲ್ಲಿ ಸೂರ್ಯ ಹುಟ್ಟುವಾಗಲೇ ಹಿಡಿದಿತ್ತು. ಬಾಸ್ಟನ್ ಕಡೆ ಸೂರ್ಯನ ಸುಮಾರು 40 ಪರ್ಸೆಂಟ್ ಮುಚ್ಚುವ ಲೆಕ್ಕ. ಏಳು ಗಂಟೆ ದಾಟಿದ ಕೂಡಲೇ ಬಿಡುತ್ತದೆ. 2024ರಲ್ಲೂ ಹೀಗೇ ಆಗಿತ್ತು. ಏಪ್ರಿಲ್ 8ಕ್ಕೆ ಗ್ರಹಣ, 9ಕ್ಕೆ ಯುಗಾದಿ. ಎರಡು ವರ್ಷ ಸಾಲಾಗಿ ಯುಗಾದಿ ಅಮಾವಾಸ್ಯೆಗೇ ಗ್ರಹಣ ಅಂತ ಚಿಕ್ಕಪ್ಪ ಎಲ್ಲರಿಗೂ ಹೇಳುತ್ತಿದ್ದರು. ಆಗ ತಂದಿದ್ದ ಗ್ರಹಣದ ಕನ್ನಡಕವನ್ನು ಜೋಪಾನವಾಗಿ ಇಟ್ಟಿದ್ದರು. ಚಿಕ್ಕಮ್ಮ ರಾತ್ರಿಯೇ ಹಾಲು ಮೊಸರಿಗೆ ದರ್ಭೆ ಹಾಕಿ ಮುಚ್ಚಿದ್ದರು. ನನ್ನ ಕಡೆ ತಿರುಗಿ, "ಬಿಡೋ ತನಕ ಏನೂ ತಿನ್ನಬೇಡ, ಹೊರಗೂ ಹೋಗಬೇಡ. ಆಮೇಲೆ ಎಷ್ಟು ಬೇಕಾದರೂ ಓಡು," ಅಂದರು.

ಆರೂವರೆಗೆ ಎಲ್ಲರೂ ಎದ್ದು ಕಿಟಕಿ ಹತ್ತಿರ ನಿಂತೆವು. ಪೂರ್ವದ ಕಡೆ ಬರೀ ಮೋಡ. ಬೂದು ಬಣ್ಣದ ಬೆಳಕು ಬಿಟ್ಟರೆ ಏನೂ ಕಾಣಲಿಲ್ಲ. ಒಂಬತ್ತು ವರ್ಷದ ತಮ್ಮ ಕನ್ನಡಕ ಹಾಕಿಕೊಂಡೇ ಅರ್ಧ ಗಂಟೆ ಕಾದ. ಗ್ರಹಣ ಬಿಟ್ಟಿತು ಅಂತ ಚಿಕ್ಕಮ್ಮ ಹೇಳಿದ ಮೇಲೆ ಒಂದು ಬಾಳೆಹಣ್ಣು ತಿಂದು, ಟೋಪಿ ಗ್ಲೌಸ್ ಹಾಕಿಕೊಂಡು ಹೊರಟೆ.

ಆಶ್‌ಲ್ಯಾಂಡಿನ ನಡುವೆ ಹಾದುಹೋಗುವ 135ನೇ ನಂಬರಿನ ರಸ್ತೆಯೇ ಬಾಸ್ಟನ್ ಮ್ಯಾರಥಾನಿನ ದಾರಿ. 1897ರಲ್ಲಿ ಮೊದಲ ಮ್ಯಾರಥಾನ್ ಶುರುವಾಗಿದ್ದು ಈ ಊರಿನಲ್ಲೇ. 1924ರಲ್ಲಿ ಶುರುವಿನ ಗೆರೆಯನ್ನು ಪಕ್ಕದ ಹಾಪ್‌ಕಿಂಟನ್ನಿಗೆ ಸರಿಸಿದರು. ಓಟಗಾರರು ಅಲ್ಲಿಂದ ಇಳಿಜಾರಿನಲ್ಲಿ ಬರುತ್ತಾರೆ. ನಾನು ತಿರುಗಾಮುರುಗಾ, ಮೊದಲು ಹತ್ತಿದೆ. ಏರು ಕಾಲಿಗೆ ಚೆನ್ನಾಗಿ ತಿಳಿಯುತ್ತಿತ್ತು. ರಸ್ತೆಯ ಎರಡೂ ಕಡೆ ಮರಗಳು ಬೋಳು. ನಮ್ಮ ಕಡೆ ಈ ಹೊತ್ತಿಗೆ ಹೊಂಗೆ ತಿಳಿಹಸಿರಾಗಿ ಚಿಗುರಿರುತ್ತದೆ, ಮಾವಿನ ಮರದ ಕೆಳಗೆ ನಿಂತರೆ ಮಿಡಿಯ ಸೊನೆ ವಾಸನೆ ಬರುತ್ತದೆ. ಇಲ್ಲಿ ಅಂಥದ್ದೇನೂ ಇಲ್ಲ ಅಂದುಕೊಂಡೇ ಓಡುತ್ತಿದ್ದೆ. ಒಂದು ಮನೆಯ ಮುಂದಿನ ಮೇಪಲ್ ಮರಕ್ಕೆ ಬಕೆಟ್ ಕಟ್ಟಿದ್ದು ಕಂಡಿತು. ರಾತ್ರಿ ಕೊರೆದು ಹಗಲು ಬಿಸಿಲು ಬರುವ ಈ ದಿನಗಳಲ್ಲೇ ಮೇಪಲ್ ರಸ ಇಳಿಯುವುದು. 40 ಲೀಟರ್ ರಸ ಕುದಿಸಿದರೆ ಒಂದು ಲೀಟರ್ ಪಾಕ ಬರುತ್ತದೆ. ಎಲೆ ಬರುವ ಮುಂಚೆಯೇ ಮರದೊಳಗೆ ಸಿಹಿ ಏರುತ್ತಿರುತ್ತದೆ. ಬಕೆಟಿಗೆ ತೊಟ್ಟು ಬೀಳುವುದನ್ನು ನೋಡಲು ಒಂದು ನಿಮಿಷ ನಿಂತೇ ಬಿಟ್ಟೆ.

ಹಾಪ್‌ಕಿಂಟನ್ ತಲುಪಿದರೆ ಅಲ್ಲಿ ಜಾತ್ರೆ! ಏಪ್ರಿಲ್ 21ಕ್ಕೆ ಮ್ಯಾರಥಾನ್. ಅದಕ್ಕೆ ಮೂರು ವಾರ ಮುಂಚಿನ ಶನಿವಾರ, ಸೇವಾ ಸಂಸ್ಥೆಗಳಿಗೆ ಹಣ ಕೂಡಿಸಿ ಓಡುವವರೆಲ್ಲಾ ಅದೇ ದಾರಿಯಲ್ಲಿ ಕೊನೆಯ ದೊಡ್ಡ ಅಭ್ಯಾಸದ ಓಟ ಓಡುತ್ತಾರೆ. ವಾಪಸ್ ಬರುವಾಗ ಅವರ ಜೊತೆಗೇ ಇಳಿದೆ. ದಾರಿಯುದ್ದಕ್ಕೂ ಮಡಿಸುವ ಮೇಜಿನ ಮೇಲೆ ನೀರು, ಕಿತ್ತಳೆ ಹೋಳು. ನಾನು ಅವರ ಗುಂಪಿನವಳಲ್ಲ ಅಂದರೂ ಒಬ್ಬ ಅಜ್ಜಿ ಬಿಡದೆ ಎರಡು ಹೋಳು ಕೈಗಿಟ್ಟರು. ಚಿಕ್ಕಮ್ಮನ ಮನೆಯ ತಿರುವನ್ನು ದಾಟಿ ಇನ್ನೂ ಮುಂದೆ ಹೋದೆ. ಅಲ್ಲೇ, ಮ್ಯಾರಥಾನಿನ ಅದೇ ರಸ್ತೆಯಲ್ಲಿ, ಶ್ರೀ ಲಕ್ಷ್ಮೀ ದೇವಸ್ಥಾನ ಇದೆ. ಈ ಕಡೆ ನೆಲೆಸಿದ ನಮ್ಮವರು ವರ್ಷಗಟ್ಟಲೆ ದುಡ್ಡು ಕೂಡಿಸಿ, ಜಾಗ ಕೊಂಡು ಕಟ್ಟಿಸಿದ್ದು. 1990ರಲ್ಲಿ ಕುಂಭಾಭಿಷೇಕ ಆಯಿತು. ಗೋಪುರ ಕಂಡಾಗ ಗಡಿಯಾರ 16 ಕಿಲೋಮೀಟರ್ ಆಯಿತು ಅಂದಿತು. ಬೆವರಿದ ಮೈಯಲ್ಲಿ ಒಳಗೆ ಹೋಗಲಿಲ್ಲ. ರಸ್ತೆಯಿಂದಲೇ ಕೈ ಮುಗಿದೆ. ಚಿಕ್ಕಪ್ಪ ಕಾರು ತಂದು ಕಾಯುತ್ತಿದ್ದರು. "ಭಾರೀ ಓಡಿದಿ ನೋಡವಾ," ಅಂದು ಬಿಸಿನೀರಿನ ಬಾಟಲಿ ಕೊಟ್ಟರು.

ಮನೆಯಲ್ಲಿ ಮಣೆ ಹಾಕಿಟ್ಟಿದ್ದರು. ಮಣೆಯ ಕೆಳಗೆ ಒಂದೆಳೆ ರಂಗೋಲಿ. ಬೆಳ್ಳಿ ಬಟ್ಟಲಿನಲ್ಲಿ ಉಗುರುಬೆಚ್ಚಗಿನ ಹರಳೆಣ್ಣೆ. ಹೆಂಗಸರಿಗೆ ಎಣ್ಣೆ ನೀರು ಮಂಗಳವಾರ, ಶುಕ್ರವಾರ ಅಂತ ಅಮ್ಮ ಯಾವಾಗಲೂ ಹೇಳುತ್ತಾಳೆ. ಹಬ್ಬದ ದಿನ ವಾರ ನೋಡುವ ಹಾಗಿಲ್ಲ ಅನ್ನುವುದೂ ಅವಳೇ. ಚಿಕ್ಕಮ್ಮ ಹಣೆಗೆ ಕುಂಕುಮ ಇಟ್ಟರು. ಅಶ್ವತ್ಥಾಮ, ಬಲಿ, ವ್ಯಾಸ, ಹನುಮಂತ, ವಿಭೀಷಣ, ಕೃಪ, ಪರಶುರಾಮ ಅಂತ ಏಳು ಚಿರಂಜೀವಿಗಳ ಹೆಸರು ಹೇಳಿ ನೆಲಕ್ಕೆ ಏಳು ಬೊಟ್ಟು ಎಣ್ಣೆ ಇಟ್ಟರು. ಆಮೇಲೆ ಅಂಗೈ ತುಂಬ ಎಣ್ಣೆ ತೆಗೆದುಕೊಂಡು ನೆತ್ತಿಗೆ ತಟ್ಟತೊಡಗಿದರು.

ಆ ಸದ್ದು ಕೇಳಿ ಎರಡು ವರ್ಷವಾಗಿತ್ತು. ತಪ್ ತಪ್ ತಪ್. ಎಣ್ಣೆ ಕಿವಿಯ ಹಿಂದೆ ಇಳಿಯಿತು. ಕಣ್ಣು ಉರಿಯಿತು. ಚಿಕ್ಕಮ್ಮ ಕೆಳಗೆ ಕೂತು ಮೊಣಕಾಲು, ಮೀನಖಂಡಗಳಿಗೂ ಎಣ್ಣೆ ತೀಡಿದರು. ನಾನು ಬೇಡ ಅಂದೆ. "ಓಡಿದ ಕಾಲು ಕಣೇ, ಸುಮ್ನಿರು," ಅಂದರು. ಅವರ ಹೆಬ್ಬೆರಳು ಸರಿಯಾಗಿ ನೋವಿರುವ ಜಾಗಕ್ಕೇ ಹೋಗುತ್ತಿತ್ತು. ಅಮ್ಮನ ಕೈಯೂ ಹೀಗೇ. ಇಬ್ಬರೂ ಒಂದೇ ಅಜ್ಜಿಯ ಹತ್ತಿರ ಎಣ್ಣೆ ಹಚ್ಚಿಸಿಕೊಂಡು ಬೆಳೆದವರು ತಾನೇ.

ಊರಿನಲ್ಲಿ ಹಂಡೆ ತುಂಬ ನೀರು, ಒಲೆಯಲ್ಲಿ ತೆಂಗಿನ ಗರಿ. ಇಲ್ಲಿ ಬಿಸಿನೀರಿನ ಟ್ಯಾಂಕ್ ಐದು ಜನರ ಎಣ್ಣೆ ಸ್ನಾನಕ್ಕೆ ಸಾಲದು. ಒಬ್ಬರಾದ ಮೇಲೆ ಅರ್ಧ ಗಂಟೆ ಬಿಟ್ಟು ಇನ್ನೊಬ್ಬರು. ಹೀಗಾಗಿ ಹಬ್ಬದ ಸ್ನಾನ ಮಧ್ಯಾಹ್ನದವರೆಗೂ ನಡೆಯಿತು. ಅಮ್ಮ ಕಳಿಸಿದ್ದ ಸೀಗೆಪುಡಿ ಎಲ್ಲರ ತಲೆಗೂ ಆಯಿತು.

ಬೇವಿನ ಎಲೆ ಸಿಕ್ಕಿರಲಿಲ್ಲ, ಇಂಡಿಯನ್ ಅಂಗಡಿಯ ಒಣಗಿದ ಬೇವಿನ ಹೂವೇ ಗತಿ. ಹಾಸನದ ನಮ್ಮ ಮನೆಯಲ್ಲಿ ಬೇವು ಬೆಲ್ಲ ಅಂದರೆ ಅಂಗೈ ಮೇಲೆ ಒಂದು ಚಿಟಿಕೆ. ಚಿಕ್ಕಪ್ಪನ ಕಡೆ ಅದು ಕುಡಿಯುವಂಥದ್ದು. ಹುಣಸೆ, ಬೆಲ್ಲದ ನೀರಿಗೆ ಮಾವಿನಕಾಯಿ ತುರಿ, ಪುಟಾಣಿ, ಬೇವಿನ ಹೂ ಹಾಕಿ ಲೋಟದಲ್ಲಿ ಕೊಡುತ್ತಾರೆ. ನಾನು ಎರಡನ್ನೂ ತೆಗೆದುಕೊಂಡೆ. ಓಡಿ ಬಂದ ಮೈಗೆ ಆ ಹುಳಿ ಸಿಹಿ ನೀರು ಎಷ್ಟು ಹಿತವಾಗಿತ್ತು ಅಂತ ಹೇಳಲಾರೆ. ಚಿಕ್ಕಪ್ಪ ಶ್ಲೋಕ ಹೇಳಿಸಿದರು: "ಶತಾಯುರ್ವಜ್ರದೇಹಾಯ ಸರ್ವಸಂಪತ್ಕರಾಯ ಚ..." ನೂರು ವರ್ಷ ಆಯಸ್ಸು, ವಜ್ರದಂಥ ಮೈ. ಚಿಕ್ಕಂದಿನಿಂದ ಬಾಯಿಪಾಠ ಇದ್ದ ಸಾಲು. ಅದರಲ್ಲಿ ಸಂಪತ್ತಿಗಿಂತ ಮೊದಲು ಕೇಳುವುದು ಗಟ್ಟಿ ದೇಹವನ್ನೇ ಅಂತ, ತೊಡೆ ನಡುಗುತ್ತಿದ್ದ ಆ ಹೊತ್ತಿನಲ್ಲಿ ಗಮನಕ್ಕೆ ಬಂತು.

ಸಂಜೆ ಸೀರೆ ಉಟ್ಟು ಅದೇ ರಸ್ತೆಯಲ್ಲಿ ದೇವಸ್ಥಾನಕ್ಕೆ ಹೋದೆವು. ಮಹಾಲಕ್ಷ್ಮಿ, ವೆಂಕಟೇಶ್ವರ, ಗಣೇಶ. ಬೆಳಗ್ಗೆ ಹೊರಗಿನಿಂದ ಮುಗಿದ ಕೈಯನ್ನು ಈಗ ಒಳಗೆ ನಿಂತು ಮುಗಿದೆ.

ಭಾನುವಾರ ಬೆಳಗ್ಗೆ ಕಾಲು ಸಡಿಲ ಮಾಡಲು ತಮ್ಮನ ಜೊತೆ ನಿಧಾನವಾಗಿ ಮೂರು ಕಿಲೋಮೀಟರ್ ನಡೆದೆ. ಒಂಬತ್ತೂಕಾಲಿಗೆ ಅಮ್ಮನ ವಿಡಿಯೋ ಕರೆ ಬಂತು. ಹಾಸನದಲ್ಲಿ ಆಗ ಸಂಜೆ ಆರೂಮುಕ್ಕಾಲು. ಅಮ್ಮ ತಾರಸಿ ಮೇಲೆ ನಿಂತಿದ್ದಳು. "ನೋಡು, ನೋಡು, ಚಂದ್ರ!" ಅಂತ ಫೋನನ್ನು ಪಡುವಣಕ್ಕೆ ತಿರುಗಿಸಿದಳು. ಪರದೆ ತುಂಬ ಕೆಂಪು ಆಕಾಶ, ತೆಂಗಿನ ಮರದ ತಲೆ. ಅದರ ಪಕ್ಕ ಉಗುರಿನಷ್ಟು ಬಿಳಿ ಗೆರೆ ಇದೆಯೋ ಇಲ್ಲವೋ ಅನ್ನುವಂತಿತ್ತು. ರಸ್ತೆ ಬದಿಯಲ್ಲೇ ನಿಂತು ಇಬ್ಬರೂ ಕೈ ಮುಗಿದೆವು. ಯುಗಾದಿ ಚಂದ್ರನನ್ನು ನೋಡಿದ ಮೇಲೆ ಹಿರಿಯರ ಕಾಲಿಗೆ ಬೀಳಬೇಕು. ಅಪ್ಪ ಅಮ್ಮ ಫೋನಿನಲ್ಲೇ ಕೈ ಎತ್ತಿದರು.

ಮನೆಗೆ ಬಂದು ಒಬ್ಬಟ್ಟಿಗೆ ನಿಂತೆ. ಕಣಕ ರಾತ್ರಿಯೇ ನೆನೆದಿತ್ತು, ಹೂರಣ ಬೆಳಗ್ಗೆ ರುಬ್ಬಿದ್ದು. ಬಾಳೆ ಎಲೆ ಬದಲು ದಪ್ಪ ಪ್ಲಾಸ್ಟಿಕ್ ಹಾಳೆ. ನಾನು ತಟ್ಟಿದೆ, ಚಿಕ್ಕಮ್ಮ ಬೇಯಿಸಿದರು. ಅವರು ಒಬ್ಬಟ್ಟು ಅನ್ನುತ್ತಾರೆ, ಚಿಕ್ಕಪ್ಪ ಹೋಳಿಗೆ ಅನ್ನುತ್ತಾರೆ. ಮಕ್ಕಳು ಅಮ್ಮನ ಹತ್ತಿರ ಒಬ್ಬಟ್ಟು ಕೇಳಿ, ಅಪ್ಪನ ಹತ್ತಿರ ಹೋಳಿಗೆ ಕೇಳುತ್ತಾರೆ. ಬೇಳೆ ಬಸಿದ ಕಟ್ಟಿನಿಂದ ಸಾರು. ಮಾವಿನಕಾಯಿ ಚಿತ್ರಾನ್ನ, ಕೋಸಂಬರಿ. ಕರಿಬೇವು ಮಾತ್ರ ಕಿಟಕಿ ಪಕ್ಕದ ಕುಂಡದ್ದು. ನವೆಂಬರಿನಿಂದ ಅದನ್ನು ಒಳಗೇ ಇಟ್ಟು ಕಾಪಾಡಿದ್ದಾರೆ ಚಿಕ್ಕಮ್ಮ.

ಮಧ್ಯಾಹ್ನಕ್ಕೆ ಐದು ಮನೆಯವರು ಸೇರಿದರು. ತೆಲುಗಿನವರೊಬ್ಬರು ಆರು ರುಚಿಯ ಪಚ್ಚಡಿ ತಂದಿದ್ದರು. ಊಟಕ್ಕೆ ಮುಂಚೆ ಚಿಕ್ಕಪ್ಪ ಪಂಚಾಂಗ ಓದಿದರು. ಕ್ರೋಧಿ ಕಳೆದು ವಿಶ್ವಾವಸು ಬಂತು. ಅರವತ್ತರ ಸರಣಿಯಲ್ಲಿ 39ನೆಯದು. ಹಿಂದಿನ ವಿಶ್ವಾವಸು ಬಂದಿದ್ದು 1965ರಲ್ಲಿ. ಆ ವರ್ಷ ಧಾರವಾಡದಲ್ಲಿ ಹುಟ್ಟಿದ ಚಿಕ್ಕಪ್ಪ ಹೆಸರು ಓದಿ ಒಂದು ಕ್ಷಣ ನಿಲ್ಲಿಸಿದರು. "ನಾ ಹುಟ್ಟಿದ ಸಂವತ್ಸರ ತಿರುಗಿ ಬಂತ್ರೀ," ಅಂದರು. ದನಿ ಒಡೆದಿತ್ತು. ಯಾರೂ ಮಾತಾಡಲಿಲ್ಲ. ಮಗಳು ಎದ್ದು ಹೋಗಿ ಅವರ ಪಕ್ಕ ಕೂತಳು.

ರಾತ್ರಿ ರೈಲಿನಲ್ಲಿ ತೊಡೆಯ ಮೇಲೆ ಒಬ್ಬಟ್ಟಿನ ಡಬ್ಬ, ಸಣ್ಣ ಸೀಸೆಯಲ್ಲಿ ತುಪ್ಪ. ಆರು ನನಗೆ, ಆರು ರೂಮ್‌ಮೇಟಿಗೆ. ಎಂಟೂವರೆಗೆ ಅಮ್ಮನಿಗೆ ಫೋನ್ ಮಾಡಿದೆ. ಅಲ್ಲಿ ಸೋಮವಾರ ಬೆಳಗ್ಗೆ ಆರು, ಕಾಫಿಗೆ ನೀರಿಟ್ಟಿದ್ದಳು. ಊಟದ ವಿಷಯ, ಬಂದವರ ವಿಷಯ ಎಲ್ಲಾ ಕೇಳಿದಳು. ಓಟದ ವಿಷಯವನ್ನೂ ಕೇಳಿದಳು. ಆಮೇಲೆ ಸ್ವಲ್ಪ ಹೊತ್ತು ಸುಮ್ಮನಿದ್ದಳು.

"ತಲೆಗೆ ಎಣ್ಣೆ ಅವಳೇ ಇಟ್ಟಳಾ?"

"ಹೂಂ ಅಮ್ಮ."

"ಚೆನ್ನಾಗಿ ತಟ್ಟಿದಳಾ?"

"ಹೂಂ. ಕಾಲಿಗೂ ತೀಡಿದರು."

"ಸರಿ," ಅಂದಳು ಅಮ್ಮ. "ತಲೆ ಒಣಗಿಸಿಕೊಂಡು ಮಲಕ್ಕೊಳ್ಳೋದು ಮರೀಬೇಡ."

ತಲೆ ಒಣಗಿ ಒಂದೂವರೆ ದಿನವಾಗಿತ್ತು. ಆಯ್ತಮ್ಮ ಅಂದೆ.